ಉಪಗ್ರಹದ ಹೊಟ್ಟೆಗೆ ಯಾವ ಅನಿಲ?



ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮೆಚ್ಚುಗೆಯವು, ಕೆಲವು ದೂರಿನವು. ಅಪರೂಪಕ್ಕೊಮ್ಮೆ, ಪದವಿ ತರಗತಿಯ ಹಳೆಯ ಪುಸ್ತಕಗಳನ್ನು ಮತ್ತೆ ಕೆಳಗಿಳಿಸುವಂತೆ ಮಾಡುವ ಪತ್ರವೂ ಬರುವುದುಂಟು. ಅಂಥ ಒಂದು ಪತ್ರ ಬರೆದವರು ವೆಲ್ಡಿಂಗ್ ಅಂಗಡಿ ನಡೆಸುವ ಒಬ್ಬ ವೀಕ್ಷಕರು. ಸ್ಟೇನ್‌ಲೆಸ್ ಸ್ಟೀಲ್ ಬೆಸೆಯಲು ಅವರು ಆರ್ಗಾನ್ ಅನಿಲದ ಸಿಲಿಂಡರ್ ಇಟ್ಟುಕೊಂಡಿದ್ದಾರೆ. ಅದೇ ಅನಿಲದಿಂದ ಈಗ ಉಪಗ್ರಹಗಳೂ ಓಡುತ್ತಿವೆ ಎಂದು ಅವರ ಮಗ ಹೇಳಿದನಂತೆ. ಇದು ನಿಜವೇ? ನಿಜವಾದರೆ ಲಕ್ಷಗಟ್ಟಲೆ ರೂಪಾಯಿ ಬೆಲೆಯ ಬೇರೆ ಅನಿಲಗಳನ್ನು ಇನ್ನೂ ಏಕೆ ತುಂಬುತ್ತಾರೆ? ಇದು ಅವರ ಪ್ರಶ್ನೆ.

ಪ್ರಸಾರದಲ್ಲಿ ಇದಕ್ಕೆ ದೊರೆತದ್ದು ಅರ್ಧ ನಿಮಿಷ. ಮಗ ಹೇಳಿದ್ದು ನಿಜ ಎಂದಷ್ಟೇ ಹೇಳಲು ಸಾಧ್ಯವಾಯಿತು. ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಅಷ್ಟು ಸುಲಭವಲ್ಲ. ಅದನ್ನು ಈ ಪುಟಗಳಲ್ಲಿ ನಿಧಾನವಾಗಿ ನೋಡೋಣ.

ಮೊದಲಿಗೆ, ಇದು ನಮಗೂ ನಿಮಗೂ ಸಂಬಂಧಿಸಿದ ವಿಷಯ ಹೇಗೆ ಎಂಬುದನ್ನು ಹೇಳಬೇಕು. ನಾವು ಸ್ಟುಡಿಯೋದಲ್ಲಿ ಆಡಿದ ಮಾತು ನಿಮ್ಮ ಮನೆಯ ಮೇಲಿನ ತಟ್ಟೆಗೆ ತಲಪುವುದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದ ಮೂಲಕ. ಭೂಮಿಯಿಂದ ನೋಡಿದರೆ ಅದು ಒಂದೇ ಕಡೆ ನಿಂತಂತೆ ತೋರುತ್ತದೆ. ಆದರೆ ಅದು ತಾನಾಗಿ ನಿಲ್ಲುವುದಿಲ್ಲ, ನಾವು ನಿಲ್ಲಿಸಬೇಕು. ಸೂರ್ಯ ಚಂದ್ರರ ಸೆಳೆತ ಅದನ್ನು ಉತ್ತರ ದಕ್ಷಿಣವಾಗಿ ಓಲಾಡಿಸುತ್ತದೆ. ಈ ಓಲಾಟವನ್ನು ತಿದ್ದಲು ವರ್ಷಕ್ಕೆ ಸೆಕೆಂಡಿಗೆ ಸುಮಾರು 50 ಮೀಟರಿನಷ್ಟು ವೇಗವನ್ನು ಆಗಾಗ ಕಂತಿನಲ್ಲಿ ಕೊಡುತ್ತಲೇ ಇರಬೇಕು. ಹಾಗೆ ಕೊಡಲು ಬೇಕಾದ ದ್ರವ್ಯ ಮುಗಿದ ದಿನ, ಒಳಗಿನ ಯಂತ್ರಗಳೆಲ್ಲ ಸರಿಯಿದ್ದರೂ, ಉಪಗ್ರಹದ ಆಯುಷ್ಯ ತೀರಿದಂತೆ.

ಇದು ಪುಸ್ತಕದ ಮಾತಲ್ಲ. ನಮ್ಮ ದೇಶದ ಇನ್ಸಾಟ್-1ಎ ಉಪಗ್ರಹ 1982ರ ಏಪ್ರಿಲ್‌ನಲ್ಲಿ ಹಾರಿತು. ಏಳು ವರ್ಷ ಬಾಳಬೇಕಿದ್ದ ಅದು, ದಿಕ್ಕು ತಿದ್ದಿಕೊಳ್ಳುವ ಇಂಧನ ಬರಿದಾಗಿ ಕೆಲವೇ ತಿಂಗಳುಗಳಲ್ಲಿ ಕೈಬಿಟ್ಟಿತು. ದೇಶದ ಉದ್ದಗಲಕ್ಕೂ ಟೆಲಿವಿಷನ್ ಹಬ್ಬಲು 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಹಾರುವವರೆಗೆ ಕಾಯಬೇಕಾಯಿತು. ಆಗ ನಾನು ಎಳೆಯ ಮಗು. ಅದರ ಬಿಸಿ ಏನೆಂದು ತಿಳಿದದ್ದು ಈ ವೃತ್ತಿಗೆ ಬಂದ ಮೇಲೆ, ಹಿರಿಯ ಸಹೋದ್ಯೋಗಿಗಳ ಬಾಯಿಂದ.

ಈಗ ಮೂಲ ತತ್ತ್ವಕ್ಕೆ ಬರೋಣ. ಶೂನ್ಯದಲ್ಲಿ ಕಾಲೂರಲು ನೆಲವಿಲ್ಲ, ಹುಟ್ಟು ಹಾಕಲು ನೀರಿಲ್ಲ. ಮುಂದೆ ಹೋಗಬೇಕಾದರೆ ತನ್ನಲ್ಲಿರುವ ಏನನ್ನಾದರೂ ಹಿಂದಕ್ಕೆ ಎಸೆಯಬೇಕು. ಹೀಗೆ ಎಸೆಯುವ ದ್ರವ್ಯವನ್ನು ನೋದಕ ಎನ್ನುತ್ತಾರೆ. ಅದರಿಂದ ದೊರೆಯುವುದು ನೂಕುಬಲ. ಎಸೆಯುವ ವೇಗ ಹೆಚ್ಚಿದಷ್ಟೂ ಕಡಿಮೆ ದ್ರವ್ಯದಲ್ಲಿ ಕೆಲಸ ನಡೆಯುತ್ತದೆ. ಸಾಮಾನ್ಯ ರಾಸಾಯನಿಕ ಎಂಜಿನಿನಲ್ಲಿ ಇಂಧನ ಉರಿದು ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್. ಉರಿಯುವಿಕೆಯಲ್ಲಿ ಹುಟ್ಟುವ ಶಾಖಕ್ಕೆ ಮಿತಿ ಇರುವುದರಿಂದ ಈ ವೇಗಕ್ಕೂ ಮಿತಿ ಉಂಟು. ವಿದ್ಯುತ್ ಎಂಜಿನು ಈ ಮಿತಿಯನ್ನು ಬೇರೆ ದಾರಿಯಲ್ಲಿ ದಾಟುತ್ತದೆ. ಅದು ಏನನ್ನೂ ಸುಡುವುದಿಲ್ಲ. ಅನಿಲದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು, ಅದನ್ನು ಧನ ವಿದ್ಯುದಂಶವುಳ್ಳ ಅಯಾನನ್ನಾಗಿ ಮಾಡಿ, ನೂರಾರು ವೋಲ್ಟುಗಳ ಸೆಳೆತದಿಂದ ಹೊರಕ್ಕೆ ದೂಡುತ್ತದೆ. ಹೊರಟ ಅಯಾನುಗಳ ಹಿಂದೆಯೇ ಎಲೆಕ್ಟ್ರಾನುಗಳನ್ನೂ ಸುರಿಸಿ ಲೆಕ್ಕ ಸರಿಮಾಡುತ್ತದೆ. ಇಲ್ಲವಾದರೆ ಉಪಗ್ರಹವೇ ಋಣ ವಿದ್ಯುತ್ತಿನಿಂದ ತುಂಬಿ, ಎಸೆದ ಅಯಾನುಗಳನ್ನು ಮತ್ತೆ ತನ್ನತ್ತ ಸೆಳೆದುಕೊಳ್ಳುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. 2000 ಕಿಲೋಗ್ರಾಂ ತೂಗುವ ಒಂದು ಉಪಗ್ರಹವನ್ನು 15 ವರ್ಷ ಸ್ಥಾನದಲ್ಲಿ ನಿಲ್ಲಿಸಲು ರಾಸಾಯನಿಕ ಎಂಜಿನಿಗೆ ಸುಮಾರು 440 ಕಿಲೋ ನೋದಕ ಬೇಕು. ಸೆಕೆಂಡಿಗೆ 16 ಕಿಲೋಮೀಟರ್ ವೇಗದಲ್ಲಿ ಎಸೆಯುವ ವಿದ್ಯುತ್ ಎಂಜಿನಿಗೆ ಸುಮಾರು 90 ಕಿಲೋ ಸಾಕು. ಉಳಿದ 350 ಕಿಲೋ ಜಾಗದಲ್ಲಿ ಇನ್ನಷ್ಟು ಪ್ರಸಾರ ಯಂತ್ರಗಳನ್ನು ಇಡಬಹುದು, ಇಲ್ಲವೇ ಚಿಕ್ಕ ರಾಕೆಟ್ಟಿನಲ್ಲಿ ಹಾರಿಸಬಹುದು.

ಇಷ್ಟು ಲಾಭಕ್ಕೆ ತೆರಬೇಕಾದ ಬೆಲೆ ನಿಧಾನ. 1998ರಲ್ಲಿ ಹಾರಿದ ಅಮೆರಿಕದ ಡೀಪ್ ಸ್ಪೇಸ್-1 ನೌಕೆಯ ಅಯಾನು ಎಂಜಿನಿನ ಗರಿಷ್ಠ ನೂಕುಬಲ ಸುಮಾರು 92 ಮಿಲಿನ್ಯೂಟನ್. ಅಂಗೈ ಮೇಲೆ ಎರಡು ಹಾಳೆ ಬಿಳಿ ಕಾಗದವನ್ನಿಟ್ಟರೆ ಆಗುವ ಭಾರದಷ್ಟು. ಅಂಥದೇ ಎಂಜಿನು ಹೊತ್ತು 2007ರಲ್ಲಿ ಹೊರಟ ಡಾನ್ ನೌಕೆಗೆ ಗಂಟೆಗೆ 100 ಕಿಲೋಮೀಟರ್ ವೇಗ ಗಳಿಸಲು ನಾಲ್ಕು ದಿನ ಬೇಕಾಗುತ್ತಿತ್ತು. ಆದರೆ ಅದು ವರ್ಷಗಟ್ಟಲೆ ನೂಕುತ್ತಲೇ ಇತ್ತು. 2011ರಲ್ಲಿ ವೆಸ್ಟಾ, 2015ರಲ್ಲಿ ಸಿರಿಸ್ ಎಂಬ ಎರಡು ಕಾಯಗಳನ್ನು ಒಂದಾದ ಮೇಲೊಂದು ಸುತ್ತಿತು. ರಾಸಾಯನಿಕ ಎಂಜಿನಿನಿಂದ ಅದು ಆಗುವ ಮಾತಲ್ಲ.

ಈ ಎಂಜಿನುಗಳು ಎಸೆಯಲು ಯಾವ ದ್ರವ್ಯ ಬಳಸಬೇಕು? ಇದೇ ನಮ್ಮ ಪ್ರಶ್ನೆಯ ತಿರುಳು. ನೋದಕವಾಗಬಯಸುವ ದ್ರವ್ಯ ನಾಲ್ಕು ಪರೀಕ್ಷೆಗಳಲ್ಲಿ ಪಾಸಾಗಬೇಕು. ಪರಮಾಣು ಭಾರವಾಗಿರಬೇಕು. ಅದರ ಎಲೆಕ್ಟ್ರಾನು ಸುಲಭವಾಗಿ ಕಳಚಬೇಕು. ನೌಕೆಗೂ ನೆಲಕ್ಕೂ ಹಾನಿ ಮಾಡಬಾರದು. ಕೊನೆಯದಾಗಿ, ಚಿಕ್ಕ ತೊಟ್ಟಿಯಲ್ಲಿ ಹಿಡಿಸಬೇಕು ಮತ್ತು ಕೈಗೆಟುಕುವ ಬೆಲೆಗೆ ಸಿಗಬೇಕು.

ಭಾರ ಏಕೆ ಬೇಕು ಎಂಬುದಕ್ಕೆ ರಬ್ಬರ್ ಪಟ್ಟಿ ಕಟ್ಟಿದ ಕವಣೆಯನ್ನು ನೆನೆಯಿರಿ. ಪಟ್ಟಿಯನ್ನು ಪ್ರತಿ ಸಲವೂ ಒಂದೇ ಅಳತೆಗೆ ಎಳೆದರೆ ಪ್ರತಿ ಕಲ್ಲಿಗೂ ದೊರೆಯುವ ಶಕ್ತಿ ಒಂದೇ. ಅಡಿಕೆಯನ್ನಿಟ್ಟರೆ ಅದು ಬಹಳ ವೇಗವಾಗಿ ಹೋಗುತ್ತದೆ. ಕಬ್ಬಿಣದ ಗುಂಡನ್ನಿಟ್ಟರೆ ನಿಧಾನವಾಗಿ ಹೋಗುತ್ತದೆ, ಆದರೆ ಕೈಗೆ ತಾಗುವ ಒದೆತ ಹೆಚ್ಚು. ಅಯಾನುಗಳಲ್ಲೂ ಹೀಗೆಯೇ. 300 ವೋಲ್ಟುಗಳ ಸೆಳೆತದಲ್ಲಿ ಕ್ಸೆನಾನ್ ಅಯಾನು ಸೆಕೆಂಡಿಗೆ 21 ಕಿಲೋಮೀಟರ್ ವೇಗ ಪಡೆಯುತ್ತದೆ, ಕ್ರಿಪ್ಟಾನ್ 26, ಆರ್ಗಾನ್ 38. ಒಂದೇ ಶಕ್ತಿಯಲ್ಲಿ ಕ್ಸೆನಾನಿನಿಂದ 100 ಪಾಲು ನೂಕುಬಲ ದೊರೆತರೆ ಕ್ರಿಪ್ಟಾನಿನಿಂದ 80, ಆರ್ಗಾನಿನಿಂದ 55 ಪಾಲು ಮಾತ್ರ. ಇದು ಬೇರೆ ಯಾವ ನಷ್ಟವನ್ನೂ ಹಿಡಿಯದ ಲೆಕ್ಕ. ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ವೇಗವಾಗಿ ಹೋಗುವ ಹಗುರ ಅನಿಲದಲ್ಲಿ ಒಟ್ಟು ದ್ರವ್ಯ ಕಡಿಮೆ ಸಾಕು. ಭಾರದ ಅನಿಲ ವಿದ್ಯುತ್ತನ್ನು ಉಳಿಸುತ್ತದೆ, ಹಗುರ ಅನಿಲ ದ್ರವ್ಯವನ್ನು ಉಳಿಸುತ್ತದೆ.

ಮೊದಲ ಪರೀಕ್ಷೆಯನ್ನೇ ಮುಖ್ಯವೆಂದು ಬಗೆದ ಕಾಲವೊಂದಿತ್ತು. 1964ರ ಜುಲೈ 20ರಂದು ಅಮೆರಿಕದವರು ಸರ್ಟ್-1 ಎಂಬ ನೌಕೆಯಲ್ಲಿ ಎರಡು ಅಯಾನು ಎಂಜಿನುಗಳನ್ನು ಕಳಿಸಿದರು. ಒಂದಕ್ಕೆ ಸೀಸಿಯಮ್, ಇನ್ನೊಂದಕ್ಕೆ ಪಾದರಸ. ಸೀಸಿಯಮ್ ಎಂಜಿನು ವಿದ್ಯುತ್ ದೋಷದಿಂದ ಹೊತ್ತಿಕೊಳ್ಳಲೇ ಇಲ್ಲ. ಹೆರಾಲ್ಡ್ ಕೌಫ್‌ಮನ್ ರೂಪಿಸಿದ ಪಾದರಸದ ಎಂಜಿನು 31 ನಿಮಿಷ ನಡೆಯಿತು. ವ್ಯೋಮದಲ್ಲಿ ಅಯಾನುಗಳಿಂದ ನೂಕುಬಲ ಪಡೆಯಬಹುದೆಂದು ರುಜುವಾತಾದದ್ದು ಆಗ. ಪಾದರಸದ ಪರಮಾಣು ಕ್ಸೆನಾನಿಗಿಂತಲೂ ಭಾರ. ಅದರ ಎಲೆಕ್ಟ್ರಾನನ್ನು ಕೀಳಲು 10.4 ಎಲೆಕ್ಟ್ರಾನ್ ವೋಲ್ಟ್ ಸಾಕು, ಕ್ಸೆನಾನಿಗಾದರೋ 12.1 ಬೇಕು. ದ್ರವವಾದ್ದರಿಂದ ಚಿಕ್ಕ ತೊಟ್ಟಿ ಸಾಕು. ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ನೋದಕ ಸಿಗುವುದು ಕಷ್ಟ. ಆದರೆ ಮೂರನೆಯ ಪರೀಕ್ಷೆಯಲ್ಲಿ ಅದು ಸೋತಿತು. ಪಾದರಸದ ಆವಿ ನೌಕೆಯ ಮೈಮೇಲೆಯೇ ಕೂರಬಲ್ಲದು, ಅದನ್ನು ತುಂಬುವ ಕೆಲಸಗಾರನಿಗೂ ವಿಷ.

ಈ ಮಾತು ಹಳೆಯದಾಯಿತು ಎಂದುಕೊಳ್ಳುವಂತಿಲ್ಲ. ಅಗ್ಗ ಎಂಬ ಕಾರಣಕ್ಕೆ ಪಾದರಸದ ಎಂಜಿನನ್ನು ಸಾಲುಸಾಲು ಉಪಗ್ರಹಗಳಿಗೆ ಮಾರುವ ಯೋಚನೆಯೊಂದು 2018ರಲ್ಲಿ ಸುದ್ದಿಯಾಯಿತು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಗುಳಿದ ಪಾದರಸದ ಬಹುಪಾಲು ಕ್ರಮೇಣ ಭೂಮಿಗೇ ಇಳಿದು ಬರುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಜಪಾನಿನ ಮಿನಮಾಟಾದಲ್ಲಿ ಕೊಲ್ಲಿಯ ಮೀನು ತಿಂದ ಬೆಸ್ತರ ಕುಟುಂಬಗಳಿಗೆ ಪಾದರಸ ಏನು ಮಾಡಿತೆಂಬುದು ಲೋಕಕ್ಕೆ ಗೊತ್ತಿದೆ. ಆ ಊರಿನ ಹೆಸರು ಹೊತ್ತ ಅಂತರರಾಷ್ಟ್ರೀಯ ಒಪ್ಪಂದದ ಸದಸ್ಯ ರಾಷ್ಟ್ರಗಳು 2022ರ ಮಾರ್ಚ್‌ನಲ್ಲಿ ಬಾಲಿಯಲ್ಲಿ ಸೇರಿ, ಉಪಗ್ರಹಗಳ ನೋದಕವಾಗಿ ಪಾದರಸ ಬಳಸುವುದನ್ನು 2025ರೊಳಗೆ ಕೊನೆಗಾಣಿಸಲು ಒಪ್ಪಿದವು. ಒಂದು ಹೊಸ ಕೆಡುಕನ್ನು ಅದು ಬೇರೂರುವ ಮೊದಲೇ ತಡೆದ ಉದಾಹರಣೆ ಇದು. ಇಂಥವು ಹೆಚ್ಚಿಲ್ಲ.

ಪಾದರಸ ಬಿಟ್ಟ ಜಾಗಕ್ಕೆ ಬಂದದ್ದು ಕ್ಸೆನಾನ್. ಇದು ಜಡ ಅನಿಲಗಳ ಕುಟುಂಬಕ್ಕೆ ಸೇರಿದ್ದು. ಯಾವುದರೊಡನೆಯೂ ಸುಲಭದಲ್ಲಿ ಸೇರದು, ಲೋಹವನ್ನು ತಿನ್ನದು, ವಿಷವಲ್ಲ. ಪರಮಾಣುಗಳು ಒಂಟಿಯಾಗಿರುವುದರಿಂದ ಜೋಡಿ ಬಿಡಿಸಲು ಶಕ್ತಿ ವ್ಯಯವಾಗದು. ಒತ್ತಿ ತುಂಬಿದರೆ ನೀರಿಗಿಂತಲೂ ಸಾಂದ್ರವಾಗುತ್ತದೆ. 100 ಕಿಲೋ ಕ್ಸೆನಾನ್ ಸುಮಾರು 60 ಲೀಟರಿನ ತೊಟ್ಟಿಯಲ್ಲಿ ಹಿಡಿಸುತ್ತದೆ. ಸೋವಿಯತ್ ವಿಜ್ಞಾನಿಗಳು 1971ರ ಕೊನೆಯಲ್ಲಿ ಹಾರಿಸಿದ ಮೀಟಿಯರ್ ಎಂಬ ಹವಾಮಾನ ಉಪಗ್ರಹದಲ್ಲಿ ಕ್ಸೆನಾನಿನ ಹೊಸ ಬಗೆಯ ಎಂಜಿನನ್ನು ಮೊದಲ ಬಾರಿಗೆ ನಡೆಸಿದರು. ಇದನ್ನು ಹಾಲ್ ಎಂಜಿನು ಎನ್ನುತ್ತಾರೆ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ ಗುರುತಿಸಿದ ಪರಿಣಾಮದಿಂದ ಬಂದ ಹೆಸರು ಇದು. ಬಳೆಯಾಕಾರದ ಒಂದು ಓಣಿಯಲ್ಲಿ ಕಾಂತಕ್ಷೇತ್ರ ಎಲೆಕ್ಟ್ರಾನುಗಳನ್ನು ಹಿಡಿದು ಸುತ್ತಿಸುತ್ತದೆ. ಒಳಗೆ ಬಂದ ಅನಿಲದ ಪರಮಾಣುಗಳಿಗೆ ಅವು ಡಿಕ್ಕಿ ಹೊಡೆದು ಅಯಾನುಗಳನ್ನಾಗಿ ಮಾಡುತ್ತವೆ, ವಿದ್ಯುತ್ ಕ್ಷೇತ್ರ ಅವನ್ನು ಹೊರಗೆ ದೂಡುತ್ತದೆ.

ಇಷ್ಟೆಲ್ಲ ಗುಣವಿರುವ ಕ್ಸೆನಾನಿನ ದೋಷವೇನು? ಸಿಗುವುದಿಲ್ಲ, ಅದೇ ದೋಷ. 1898ರಲ್ಲಿ ರ‍್ಯಾಮ್ಸೆ ಮತ್ತು ಟ್ರಾವರ್ಸ್ ಇದನ್ನು ಕಂಡುಹಿಡಿದಾಗ ಇಟ್ಟ ಗ್ರೀಕ್ ಹೆಸರಿನ ಅರ್ಥ ಅಪರಿಚಿತ ಎಂದು. ನೀವು ಈಗ ಕುಳಿತಿರುವ ಕೋಣೆ ಉದ್ದ, ಅಗಲ, ಎತ್ತರ ಹತ್ತು ಹತ್ತು ಅಡಿ ಇದೆಯೆನ್ನಿ. ಅದರಲ್ಲಿರುವ ಗಾಳಿಯಲ್ಲಿ ಕ್ಸೆನಾನಿನ ಪಾಲು ಚಹಾ ಚಮಚದ ಅರ್ಧ. ಕ್ರಿಪ್ಟಾನ್ ಸುಮಾರು ಆರು ಚಮಚ. ಆರ್ಗಾನ್ ಆದರೋ 260 ಲೀಟರ್, ಅಂದರೆ ನೀರು ತುಂಬುವ ದೊಡ್ಡ ಡ್ರಮ್ಮಿಗಿಂತಲೂ ಹೆಚ್ಚು. ಒಂದು ಕಿಲೋ ಕ್ಸೆನಾನ್ ಬೇಕಾದರೆ, ಚೂರೂ ಪೋಲಾಗದಂತೆ ತೆಗೆದರೂ, ಸುಮಾರು 2500 ಟನ್ ಗಾಳಿಯನ್ನು ಸೋಸಬೇಕು. ಡಾನ್ ನೌಕೆ ಹೊತ್ತಿದ್ದು 425 ಕಿಲೋ. ಹತ್ತು ಲಕ್ಷ ಟನ್ನಿಗೂ ಮೀರಿದ ಗಾಳಿಯ ಸಾರ ಅದು. 2023ರ ಅಕ್ಟೋಬರ್‌ನಲ್ಲಿ ಹೊರಟ ಸೈಕೆ ನೌಕೆ ಹೊತ್ತದ್ದು 1085 ಕಿಲೋ.

ಇಷ್ಟು ಗಾಳಿಯನ್ನು ಕ್ಸೆನಾನಿಗಾಗಿಯೇ ಯಾರೂ ಸೋಸುವುದಿಲ್ಲ. ಉಕ್ಕಿನ ಕಾರ್ಖಾನೆಗಳಿಗೆ ಆಮ್ಲಜನಕ ಬೇಕು. ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲೂ ಅದಕ್ಕಾಗಿ ಗಾಳಿಯನ್ನು ತಣಿಸಿ ದ್ರವವಾಗಿಸಿ ಬೇರ್ಪಡಿಸುವ ದೊಡ್ಡ ಸ್ಥಾವರಗಳಿವೆ. 2021ರ ಕೋವಿಡ್ ದಿನಗಳಲ್ಲಿ ಅಲ್ಲಿಂದ ಆಸ್ಪತ್ರೆಗಳಿಗೆ ಹೊರಟ ಆಮ್ಲಜನಕದ ಟ್ಯಾಂಕರುಗಳನ್ನು ನಾವೆಲ್ಲ ಸುದ್ದಿಯಲ್ಲಿ ಕಂಡೆವು. ಇಂಥ ಸ್ಥಾವರಗಳಲ್ಲಿ ದ್ರವ ಆಮ್ಲಜನಕದ ಜೊತೆ ಕ್ರಿಪ್ಟಾನ್ ಮತ್ತು ಕ್ಸೆನಾನ್ ಉಳಿದುಕೊಳ್ಳುತ್ತವೆ. ವಿಶೇಷ ಸಲಕರಣೆಯಿರುವ ಕೆಲವು ದೇಶಗಳ ಸ್ಥಾವರಗಳು ಅವನ್ನು ಬೇರೆ ಮಾಡಿ ಮಾರುತ್ತವೆ. ಹೀಗೆ ಪ್ರಪಂಚದಲ್ಲಿ ವರ್ಷಕ್ಕೆ ದೊರೆಯುವ ಕ್ಸೆನಾನ್ ಕೆಲವು ಹತ್ತು ಟನ್ನುಗಳು ಮಾತ್ರ. ಅದಕ್ಕೆ ದೀಪ ತಯಾರಿಸುವವರು, ಕಂಪ್ಯೂಟರ್ ಚಿಪ್ ತಯಾರಿಸುವವರು, ಅರಿವಳಿಕೆ ಕೊಡುವ ವೈದ್ಯರು, ಭೂಗರ್ಭದ ಪ್ರಯೋಗಾಲಯಗಳ ಭೌತವಿಜ್ಞಾನಿಗಳು, ಎಲ್ಲರೂ ಗಿರಾಕಿಗಳೇ. 2022ರಲ್ಲಿ ರಷ್ಯಾ ಉಕ್ರೇನ್ ಯುದ್ಧ ಶುರುವಾದಾಗ, ಆ ಎರಡು ದೇಶಗಳು ಇಂಥ ಅನಿಲಗಳ ಮುಖ್ಯ ಪೂರೈಕೆದಾರರಾಗಿದ್ದುದರಿಂದ, ಬೆಲೆ ಒಮ್ಮೆಲೇ ಗಗನಕ್ಕೇರಿತು. ಒಂದೆಡೆಯ ಫಿರಂಗಿಯ ಸದ್ದು ಮತ್ತೊಂದು ಖಂಡದ ಉಪಗ್ರಹದ ಬಜೆಟ್ಟನ್ನು ಅಲುಗಾಡಿಸಿತು.

ಹತ್ತು ಉಪಗ್ರಹ ಹಾರಿಸುವವರಿಗೆ ಈ ಬೆಲೆ ಸಹ್ಯ, ಸಾವಿರಾರು ಹಾರಿಸುವವರಿಗೆ ಅಲ್ಲ. ಅಮೆರಿಕದ ಸ್ಪೇಸ್‌ಎಕ್ಸ್ ಸಂಸ್ಥೆ 2019ರ ಮೇ ತಿಂಗಳಲ್ಲಿ ತನ್ನ ಸ್ಟಾರ್‌ಲಿಂಕ್ ಜಾಲದ ಮೊದಲ 60 ಉಪಗ್ರಹಗಳ ತಂಡವನ್ನು ಹಾರಿಸಿದಾಗ ಕ್ಸೆನಾನಿನ ಬದಲು ಕ್ರಿಪ್ಟಾನ್ ತುಂಬಿತ್ತು. ಕ್ರಿಪ್ಟಾನ್ ಗಾಳಿಯಲ್ಲಿ ಕ್ಸೆನಾನಿಗಿಂತ ಹನ್ನೆರಡು ಹದಿಮೂರು ಪಟ್ಟು ಹೆಚ್ಚು ಇದೆ, ಬೆಲೆ ಬಹಳ ಕಡಿಮೆ. ಆದರೆ ಅದನ್ನು ಅಯಾನಾಗಿಸಲು 14 ಎಲೆಕ್ಟ್ರಾನ್ ವೋಲ್ಟ್ ಬೇಕು. ತೊಟ್ಟಿಯ ಗಾತ್ರ, ಅಷ್ಟೇ ಒತ್ತಡದಲ್ಲಿ ಅಷ್ಟೇ ತೂಕಕ್ಕೆ, ಸುಮಾರು ಮೂರು ಪಟ್ಟು. 2023ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆರ್ಗಾನ್ ತುಂಬಿದ ಉಪಗ್ರಹಗಳನ್ನು ಹಾರಿಸಿತು. ನಮ್ಮ ವೆಲ್ಡಿಂಗ್ ಅಂಗಡಿಯವರ ಮಗ ಓದಿದ ಸುದ್ದಿ ಇದೇ ಇರಬೇಕು.

ಆರ್ಗಾನ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂದರ್ಥ. ಹಾಲ್ ಎಂಜಿನಿನಲ್ಲಿ ಮಾತ್ರ ಅದು ಸೋಮಾರಿಯಲ್ಲ, ಅವಸರದ ಆಸಾಮಿ. ನಮ್ಮ ಸಿಟಿ ಬಸ್ಸನ್ನು ನೆನಪಿಗೆ ತಂದುಕೊಳ್ಳಿ. ಪ್ರಯಾಣಿಕ ಹಿಂದಿನ ಬಾಗಿಲಿನಿಂದ ಹತ್ತಿ ಮುಂದಿನ ಬಾಗಿಲಿನಿಂದ ಇಳಿಯುವುದರೊಳಗೆ ಕಂಡಕ್ಟರು ಅವನಿಗೆ ಟಿಕೆಟ್ ಕೊಡಬೇಕು. ಕ್ಸೆನಾನ್ ದಪ್ಪ ಶರೀರದ ನಿಧಾನಸ್ಥ, ಸಿಕ್ಕಿಬೀಳುತ್ತಾನೆ. ಆರ್ಗಾನ್ ಚಿಕ್ಕ ಹುಡುಗ. ಎಲೆಕ್ಟ್ರಾನು ಎಂಬ ಕಂಡಕ್ಟರು ತಲುಪುವುದರೊಳಗೆ ಎಷ್ಟೋ ಹುಡುಗರು ಇಳಿದು ಹೋಗಿರುತ್ತಾರೆ. ಹಾಗೆ ಟಿಕೆಟ್ಟಿಲ್ಲದೆ ಹೊರಹೋದ ಅನಿಲವೆಲ್ಲ ನಷ್ಟ. ಜೊತೆಗೆ ಟಿಕೆಟ್ಟಿನ ದರವೂ ಹೆಚ್ಚು, 15.8 ಎಲೆಕ್ಟ್ರಾನ್ ವೋಲ್ಟ್. ಎಂಜಿನಿನ ಓಣಿಯನ್ನೂ ಕಾಂತಕ್ಷೇತ್ರವನ್ನೂ ಆರ್ಗಾನಿಗೆ ತಕ್ಕಂತೆ ಹೊಸದಾಗಿ ರೂಪಿಸದೆ ಇದು ಸಾಗುವುದಿಲ್ಲ.

ಎರಡು ನಿಜವಾದ ಎಂಜಿನುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 1994ರಿಂದ ಹಾರುತ್ತಿರುವ ರಷ್ಯಾದ ಎಸ್‌ಪಿಟಿ-100 ಎಂಬ ಕ್ಸೆನಾನ್ ಎಂಜಿನು 1.35 ಕಿಲೋವಾಟ್ ವಿದ್ಯುತ್ತಿನಲ್ಲಿ ಸುಮಾರು 83 ಮಿಲಿನ್ಯೂಟನ್ ಕೊಡುತ್ತದೆ. ಅಂದರೆ ಕಿಲೋವಾಟಿಗೆ 61. ಸ್ಟಾರ್‌ಲಿಂಕಿನ ಆರ್ಗಾನ್ ಎಂಜಿನು, ಸಂಸ್ಥೆಯೇ ಪ್ರಕಟಿಸಿದಂತೆ, 4.2 ಕಿಲೋವಾಟಿನಲ್ಲಿ 170 ಮಿಲಿನ್ಯೂಟನ್, ಅಂದರೆ ಕಿಲೋವಾಟಿಗೆ 40. ಎಸೆಯುವ ವೇಗ ಮೊದಲನೆಯದರಲ್ಲಿ ಸೆಕೆಂಡಿಗೆ 16 ಕಿಲೋಮೀಟರ್, ಎರಡನೆಯದರಲ್ಲಿ ಸುಮಾರು 24.5. ಎಂಜಿನುಗಳ ಗಾತ್ರ, ಕಾಲ ಬೇರೆ ಬೇರೆಯಾದರೂ ಕವಣೆಯ ನಿಯಮ ಇಲ್ಲಿಯೂ ಎದ್ದು ಕಾಣುತ್ತದೆ.

ಈಗ ಇದೇ ಅಂಕಿಗಳನ್ನು ನನ್ನ ವೃತ್ತಿಯ ಕಡೆಯಿಂದ ನೋಡಿ. 2015ರಿಂದೀಚೆಗೆ, ಕಕ್ಷೆಗೆ ಏರುವ ಕೆಲಸವನ್ನೂ ವಿದ್ಯುತ್ ಎಂಜಿನಿನಿಂದಲೇ ಮಾಡುವ ಸಂಪರ್ಕ ಉಪಗ್ರಹಗಳು ಬಂದಿವೆ. ಕ್ಸೆನಾನಿನಿಂದ ಅವು 36,000 ಕಿಲೋಮೀಟರ್ ಎತ್ತರ ತಲುಪಲು ಆರು ತಿಂಗಳು ಹಿಡಿಯಿತೆನ್ನಿ. ಅದೇ ವಿದ್ಯುತ್ತಿನಲ್ಲಿ ಆರ್ಗಾನ್ ತುಂಬಿದರೆ ಸುಮಾರು ಒಂಬತ್ತು ತಿಂಗಳು. ಅಷ್ಟೂ ಕಾಲ ಅದು ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳಲ್ಲಿ ಹಾದು ಸೌರಫಲಕಗಳನ್ನು ಸವೆಸಿಕೊಳ್ಳಬೇಕು. ಕೆಳಗೆ ಪ್ರಸಾರಕರು ಒಂದು ರೂಪಾಯಿ ಆದಾಯವಿಲ್ಲದೆ ಕಾಯಬೇಕು. ಅನಿಲದಲ್ಲಿ ಉಳಿಸಿದ ಹಣ ಕಾಯುವುದರಲ್ಲಿ ಹೋಗುತ್ತದೆ. ಕೆಳಗಿನ ಕಕ್ಷೆಯ, ಕೆಲವೇ ವರ್ಷ ಬಾಳುವ, ಸಾವಿರಗಟ್ಟಲೆ ಸಂಖ್ಯೆಯ ಉಪಗ್ರಹಗಳಿಗಾದರೆ ಆರ್ಗಾನಿನ ಲೆಕ್ಕ ಸರಿಹೋಗುತ್ತದೆ. ಅಲ್ಲಿ ಏರಬೇಕಾದ ಎತ್ತರ ಸ್ವಲ್ಪ, ತುಂಬಬೇಕಾದ ಸಿಲಿಂಡರುಗಳು ಬಹಳ.

ಅನಿಲವಲ್ಲದ ಒಬ್ಬ ಅಭ್ಯರ್ಥಿಯೂ ಇದ್ದಾನೆ. ಚಿಕ್ಕಂದಿನಲ್ಲಿ ಮೊಣಕಾಲು ತರಚಿದಾಗ ಅಮ್ಮ ಹಚ್ಚುತ್ತಿದ್ದ ಟಿಂಚರ್ ಅಯೋಡಿನ್ ನೆನಪಿದೆಯಲ್ಲವೇ? ಅದೇ ಅಯೋಡಿನ್. ಆವರ್ತ ಕೋಷ್ಟಕದಲ್ಲಿ ಕ್ಸೆನಾನಿನ ಪಕ್ಕದ ಮನೆಯವನು, ತೂಕದಲ್ಲಿ ಬಹುತೇಕ ಸಮ. ಅಯಾನಾಗಿಸಲು 10.5 ಎಲೆಕ್ಟ್ರಾನ್ ವೋಲ್ಟ್ ಸಾಕು. ಘನರೂಪದಲ್ಲಿರುವುದರಿಂದ ಒತ್ತಡದ ತೊಟ್ಟಿಯೇ ಬೇಡ. ಕ್ಸೆನಾನಿಗೆ 60 ಲೀಟರ್ ಬೇಕಾದಲ್ಲಿ ಇದಕ್ಕೆ 20 ಸಾಕು. ಕಾಲೇಜಿನ ಪ್ರಯೋಗಾಲಯದಲ್ಲಿ ಅಯೋಡಿನ್ ಹರಳನ್ನು ಬಿಸಿಮಾಡಿದಾಗ ನೇರವಾಗಿ ನೇರಳೆ ಹೊಗೆಯೇಳುವುದನ್ನು ಕಂಡವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಹರಳನ್ನು ಸ್ವಲ್ಪ ಬೆಚ್ಚಗೆ ಮಾಡಿ, ಬಂದ ಆವಿಯನ್ನು ಎಂಜಿನಿಗೆ ಬಿಡುವುದು. ಫ್ರಾನ್ಸಿನ ಥ್ರಸ್ಟ್‌ಮಿ ಎಂಬ ಸಂಸ್ಥೆಯ ಇಂಥ ಪುಟ್ಟ ಎಂಜಿನು 2020ರ ನವೆಂಬರ್‌ನಲ್ಲಿ ಚೀನಾದ ಸಣ್ಣ ಉಪಗ್ರಹವೊಂದರಲ್ಲಿ ಹಾರಿ, ಅದರ ಕಕ್ಷೆಯನ್ನು ಬದಲಿಸಿ ತೋರಿಸಿತು. 2021ರಲ್ಲಿ ಆ ಪ್ರಯೋಗದ ವಿವರ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಗಾಯಕ್ಕೆ ಉರಿ ಹತ್ತಿಸುವ ಅಯೋಡಿನ್ ಲೋಹಕ್ಕೂ ಉರಿ ಹತ್ತಿಸುತ್ತದೆ. ಕೊಳವೆ, ಕವಾಟ, ಎಲೆಕ್ಟ್ರಾನು ಸೂಸುವ ಭಾಗ ಎಲ್ಲವನ್ನೂ ತಿನ್ನಬಲ್ಲದು. ತಣ್ಣಗಾದರೆ ಕೊಳವೆಯಲ್ಲೇ ಗಟ್ಟಿಯಾಗಿ ದಾರಿ ಕಟ್ಟಬಲ್ಲದು. ಪುಟ್ಟ ಉಪಗ್ರಹಕ್ಕೆ ಇದು ವರ. ಹದಿನೈದು ವರ್ಷ ಬಾಳಬೇಕಾದ ದೊಡ್ಡ ಉಪಗ್ರಹದ ಯಜಮಾನ ಮಾತ್ರ ಇನ್ನೂ ಅನುಮಾನದಿಂದಲೇ ನೋಡುತ್ತಾನೆ.

ನೋದಕವನ್ನು ಹೊತ್ತೊಯ್ಯುವುದೇ ಬೇಡ, ದಾರಿಯಲ್ಲಿ ಸಿಗುವ ತೆಳು ಗಾಳಿಯನ್ನೇ ಬಳಸೋಣ ಎನ್ನುವವರೂ ಇದ್ದಾರೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಗೋಚೆ ಉಪಗ್ರಹ 2009ರಿಂದ ಸುಮಾರು 255 ಕಿಲೋಮೀಟರ್ ಎತ್ತರದಲ್ಲಿ, ಗಾಳಿಯ ತಡೆಯನ್ನು ಅಯಾನು ಎಂಜಿನಿನಿಂದ ಸರಿದೂಗಿಸುತ್ತ ಭೂಮಿಯ ಗುರುತ್ವವನ್ನು ಅಳೆಯಿತು. 2013ರ ಅಕ್ಟೋಬರ್‌ನಲ್ಲಿ ಅದರ ಸುಮಾರು 40 ಕಿಲೋ ಕ್ಸೆನಾನ್ ತೀರಿತು. ನವೆಂಬರ್ 11ರಂದು ಅದು ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ತನ್ನನ್ನು ತಡೆಯುವ ಗಾಳಿಯನ್ನೇ ಹಿಡಿದು ಹಿಂದಕ್ಕೆ ಎಸೆಯಬಲ್ಲ ಎಂಜಿನು ಇದ್ದಿದ್ದರೆ ಇನ್ನೂ ಬಾಳುತ್ತಿತ್ತಲ್ಲವೇ? ಅದೇ ಸಂಸ್ಥೆ 2018ರಲ್ಲಿ ಅಂಥ ಎಂಜಿನೊಂದನ್ನು ನೆಲದ ಮೇಲಿನ ನಿರ್ವಾತ ಕೋಣೆಯಲ್ಲಿ ನಡೆಸಿ ನೋಡಿತು. ಸಾರಜನಕ, ಆಮ್ಲಜನಕಗಳು ಹಗುರ ಮತ್ತು ಜೋಡಿ ಪರಮಾಣುಗಳವು. ಆಮ್ಲಜನಕ ಎಂಜಿನನ್ನೇ ಸವೆಸುತ್ತದೆ. ನಾವು ಹೇಳಿದ ಮೊದಲ ಮೂರು ಪರೀಕ್ಷೆಗಳಲ್ಲೂ ಇವು ಹಿಂದೆ. ನಾಲ್ಕನೆಯದರಲ್ಲಿ ಮಾತ್ರ ಇವನ್ನು ಸೋಲಿಸುವವರಿಲ್ಲ, ಏಕೆಂದರೆ ತೊಟ್ಟಿಯೂ ಬೇಡ, ಹಣವೂ ಬೇಡ.

ನಮ್ಮ ದೇಶ ಎಲ್ಲಿದೆ ಎಂದು ಕೇಳುತ್ತೀರಿ. 2010ರ ಏಪ್ರಿಲ್‌ನಲ್ಲಿ ವಿದ್ಯುತ್ ಎಂಜಿನುಗಳನ್ನು ಹೊತ್ತ ಜಿಸ್ಯಾಟ್-4 ರಾಕೆಟ್ಟಿನ ವೈಫಲ್ಯದಿಂದ ಸಮುದ್ರ ಪಾಲಾಯಿತು. ಏಳು ವರ್ಷಗಳ ನಂತರ, 2017ರ ಮೇ 5ರಂದು, ಬೆಂಗಳೂರಿನಲ್ಲಿ ಸಿದ್ಧವಾದ ಜಿಸ್ಯಾಟ್-9, ಅಂದರೆ ದಕ್ಷಿಣ ಏಷ್ಯಾ ಉಪಗ್ರಹ, ಕ್ಸೆನಾನ್ ಎಂಜಿನುಗಳೊಂದಿಗೆ ಹಾರಿತು. 2025ರ ಮಾರ್ಚ್‌ನಲ್ಲಿ ಇಸ್ರೊ ತನ್ನ 300 ಮಿಲಿನ್ಯೂಟನ್ ಎಂಜಿನು 1000 ಗಂಟೆಗಳ ಪರೀಕ್ಷೆ ಮುಗಿಸಿತೆಂದು ಪ್ರಕಟಿಸಿತು. ಎಂಜಿನು ನಮ್ಮದಾಗುತ್ತಿದೆ, ಸಂತೋಷ. ಅದರ ಹೊಟ್ಟೆಗೆ ತುಂಬುವ ಕ್ಸೆನಾನಿನ ವಿಷಯದಲ್ಲೂ ಅಷ್ಟೇ ಯೋಚನೆ ಬೇಕು. ಉಕ್ಕಿನ ಕುಲುಮೆಗಳ ಪಕ್ಕದಲ್ಲಿ ದಿನವೂ ಸಾವಿರಾರು ಟನ್ ಗಾಳಿಯನ್ನು ದ್ರವವಾಗಿಸುವ ದೇಶ, ಅದರಲ್ಲಿರುವ ಅಪರಿಚಿತನನ್ನು ಹಿಡಿದಿಟ್ಟುಕೊಳ್ಳುವುದನ್ನೂ ಕಲಿಯುವುದು ಒಳ್ಳೆಯದು. ಆರ್ಗಾನ್, ಕ್ರಿಪ್ಟಾನುಗಳಿಗೆ ಹೊಂದುವ ಎಂಜಿನುಗಳನ್ನು ಪ್ರಯೋಗಾಲಯದಲ್ಲಿ ಈಗಲೇ ಪಳಗಿಸಿಟ್ಟುಕೊಳ್ಳುವುದೂ ಒಳ್ಳೆಯದು. ಯಾವುದೋ ಯುದ್ಧದಿಂದ ಪೂರೈಕೆ ನಿಂತ ದಿನ ಆ ಕೆಲಸ ಶುರುಮಾಡಿದರೆ ತಡವಾಗುತ್ತದೆ.

ಕೊನೆಗೆ ನಮ್ಮ ವೆಲ್ಡಿಂಗ್ ಅಂಗಡಿಯ ವೀಕ್ಷಕರಿಗೆ ಉತ್ತರ. ಸ್ವಾಮಿ, ನಿಮ್ಮ ಮಗ ಹೇಳಿದ್ದು ಸರಿ. ನಿಮ್ಮ ಅಂಗಡಿಯಲ್ಲಿರುವ ಅನಿಲವೇ, ಇನ್ನಷ್ಟು ಶುದ್ಧ ರೂಪದಲ್ಲಿ, ಆಕಾಶದಲ್ಲೂ ಕೆಲಸ ಮಾಡುತ್ತಿದೆ. ಆದರೆ ನಿಮ್ಮ ಕೆಲಸದಲ್ಲೂ ಎಲ್ಲ ಲೋಹಕ್ಕೂ ಒಂದೇ ಕಡ್ಡಿ, ಒಂದೇ ಕರೆಂಟು ಆಗುವುದಿಲ್ಲವಲ್ಲ. ವಿದ್ಯುತ್ತು ಕಡಿಮೆಯಿದ್ದು ದಾರಿ ದೂರವಿದ್ದರೆ ಕ್ಸೆನಾನ್. ಸಂಖ್ಯೆ ಹೆಚ್ಚಿದ್ದು ಸೌರಫಲಕ ದೊಡ್ಡದಿದ್ದರೆ ಆರ್ಗಾನ್. ಇವೆರಡರ ನಡುವೆ ಕ್ರಿಪ್ಟಾನ್. ಜಾಗವೇ ಇಲ್ಲದ ಪುಟ್ಟ ಪೆಟ್ಟಿಗೆಯಾದರೆ ಅಯೋಡಿನ್. ಯಾವುದು ಮೇಲು ಎಂದು ಕೇಳುವ ಮೊದಲು ಯಾವ ಕೆಲಸಕ್ಕೆ ಎಂದು ಕೇಳಬೇಕು. ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿದ್ದ ಪಾದರಸವನ್ನು ಏಕೆ ಬಿಟ್ಟೆವು ಎಂಬುದನ್ನೂ ನಿಮ್ಮ ಮಗನಿಗೆ ಹೇಳಿ. ಮೇಲೆ ಎಸೆದದ್ದರ ಲೆಕ್ಕವನ್ನು ಕೆಳಗಿರುವವರೇ ತೀರಿಸಬೇಕಾಗುತ್ತದೆ ಎಂಬುದು ಅವನು ಎಂಜಿನಿಯರಾದರೂ ಆಗದಿದ್ದರೂ ತಿಳಿದಿರಬೇಕಾದ ಮಾತು.